ಬಿಚ್ಚಿದ್ದನ್ನು ಬಿಸಾಡಲಿಲ್ಲ: ನನ್ನ 1969ರ ಜಿಟಿಒ

ಅಮೆರಿಕದ ಪಾಂಟಿಯಾಕ್ ಕಂಪನಿಯ ಈ ಜಿಟಿಒ ಕಾರು ಮನೆಗೆ ಬಂದ ದಿನವೇ ಬಾನೆಟ್ ಎತ್ತಿ, ಹಿತ್ತಾಳೆ ಬ್ರಷ್ ಹಿಡಿದು ಬಗ್ಗಿದೆ. ಪಾಂಟಿಯಾಕ್ ಇಂಜಿನ್ ಬ್ಲಾಕ್‌ನ ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್‌ನ ಕೆಳಗೆ, ಇಂಜಿನ್‌ನ ಸಂಕೇತ ಅಕ್ಷರಗಳನ್ನು ಒತ್ತಿದ ಒಂದು ಸಣ್ಣ ಸಮತಟ್ಟು ಜಾಗ ಇರುತ್ತದೆ. ಅದರ ಮೇಲೆ ಐವತ್ತು ವರ್ಷದ ಜಿಡ್ಡು. ಸೀಮೆಎಣ್ಣೆ ಹಚ್ಚಿ ನಿಧಾನಕ್ಕೆ ಉಜ್ಜಿದೆ. ಉಪ್ಪುಕಾಗದ ಮುಟ್ಟಿಸಲಿಲ್ಲ, ಅಕ್ಷರ ಸವೆದರೆ ಹೋಯ್ತು ಅಷ್ಟೆ. ಮೊದಲು ವೈ ಕಾಣಿಸಿತು, ಆಮೇಲೆ ಎಸ್. ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ ಬಂದ, 400 ಕ್ಯೂಬಿಕ್ ಇಂಚಿನ, 350 ಎಚ್‌ಪಿ ಇಂಜಿನ್. ಅದರ ಹತ್ತಿರವೇ, ಕಾರ್ಖಾನೆ ಪ್ರತಿ ಕಾರಿಗೂ ಕೊಡುವ ಗುರುತಿನ ಸಂಖ್ಯೆಯ ಕೊನೆಯ ಅಂಕಿಗಳು. ಗಾಜಿನಾಚೆ ಡ್ಯಾಶ್ ಮೇಲಿನ ಪ್ಲೇಟ್ ನೋಡಿಕೊಂಡು ಒಂದೊಂದೇ ಅಂಕಿ ಹೊಂದಿಸಿದೆ. ಎಲ್ಲವೂ ಸರಿಯಾಗಿತ್ತು. ಗೇರ್‌ಬಾಕ್ಸ್ ಮೇಲೂ ಅದೇ ಸಂಖ್ಯೆ.

ಆ ಪ್ಲೇಟ್‌ನಲ್ಲಿ 242 ಅಂತ ಶುರುವಾದರೆ ಅದು ನಿಜವಾದ ಜಿಟಿಒ. ಮುಂದಿನ 37 ಅಂದರೆ ಹಾರ್ಡ್‌ಟಾಪ್ (ಕಿಟಕಿಗಳ ನಡುವೆ ಕಂಬವಿಲ್ಲದ, ಗಟ್ಟಿ ಛಾವಣಿಯ ಕಾರು), 9 ಅಂದರೆ 1969, ಪಿ ಅಂದರೆ ಮಿಷಿಗನ್‌ನ ಪಾಂಟಿಯಾಕ್ ಊರಿನ ಕಾರ್ಖಾನೆ. ಆ ವರ್ಷ 72,287 ಜಿಟಿಒ ತಯಾರಾದವು. ಹಾಗಾಗಿ ಇದೇನೂ ಅಪರೂಪದ ಕಾರಲ್ಲ. ಆದರೆ ತನ್ನದೇ ಇಂಜಿನ್, ತನ್ನದೇ ಗೇರ್‌ಬಾಕ್ಸ್ ಇಟ್ಟುಕೊಂಡು ಉಳಿದದ್ದು ಎಷ್ಟಿರಬಹುದು ಹೇಳಿ?

ಹಿಂದಿನ ಮಾಲೀಕರು ಹಿಂಬದಿ ಸೀಟಿನ ಹಿಂದಿರುವ ತಗಡನ್ನು ಸ್ಪೀಕರ್‌ಗಾಗಿ ಕತ್ತರಿಸಿದ್ದರು. ಎರಡು ದೊಡ್ಡ ತೂತು, ಅಂಚೆಲ್ಲ ಗರಗಸದ ಹಲ್ಲಿನಂತೆ. ಕತ್ತರಿಸಲು ಹತ್ತು ನಿಮಿಷ ಸಾಕಾಗಿರುತ್ತದೆ. ಮುಚ್ಚಲು ನನಗೆ ಮೂರು ವಾರಾಂತ್ಯ ಹಿಡಿಯಿತು. ಅದೇ ದಪ್ಪದ ತಗಡು ಹುಡುಕಿ, ಆಕಾರಕ್ಕೆ ಕತ್ತರಿಸಿ, ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಬೇಕು. ಒಂದೇ ಸಲಕ್ಕೆ ಎಳೆದರೆ ಶಾಖಕ್ಕೆ ತಗಡು ಸೊಟ್ಟಗಾಗುತ್ತದೆ. ಒಂದು ಚುಕ್ಕಿ, ತಣ್ಣಗಾಗುವ ತನಕ ಕಾಯುವುದು, ಎದುರು ಬದಿಯಲ್ಲಿ ಇನ್ನೊಂದು ಚುಕ್ಕಿ. ಆ ಕಾಯುವ ಹೊತ್ತಿನಲ್ಲೇ ನನ್ನ ನಿಯಮ ಗಟ್ಟಿಯಾಯಿತು. ಈ ಕಾರಿನಲ್ಲಿ ಏನೇ ಬದಲಿಸಿದರೂ ಹೊಸ ತೂತು ಕೊರೆಯಬಾರದು, ಏನನ್ನೂ ಕತ್ತರಿಸಬಾರದು. ಬಿಚ್ಚಿದ್ದನ್ನು ಚೀಟಿ ಕಟ್ಟಿ ಇಡಬೇಕು. ಮುಂದೆ ಯಾರಾದರೂ ಬಯಸಿದರೆ ಬರೀ ಸ್ಪ್ಯಾನರ್ ಹಿಡಿದು ಹಳೆಯದಕ್ಕೆ ಮರಳಿಸುವಂತಿರಬೇಕು.

ಹಾಗಂತ ಏನೂ ಮುಟ್ಟದೆ ಇಡುವುದೂ ನನಗೆ ಒಪ್ಪಿಗೆಯಿಲ್ಲ. ಇದು ಓಡಬೇಕಾದ ಕಾರು. ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ಆಗಸ್ಟ್‌ನಲ್ಲಿ ಹಳೆ ಕಾರುಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. ಮೊದಲ ವರ್ಷ ನಾನು ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇಟ್ಟುಕೊಂಡೇ ಹೋದೆ. ಮನೆಗೆ ಹಿಂತಿರುಗುವಾಗ ಒಂದಾದ ಮೇಲೊಂದು ಸಿಗ್ನಲ್. ಡ್ರಮ್ ಕಾದು ಹಿಗ್ಗಿ, ಪ್ರತಿ ಸಲವೂ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಕೊನೆಯ ಸಿಗ್ನಲ್‌ನಲ್ಲಿ ಮುಂದಿನ ಕಾರಿನ ಬಂಪರ್‌ಗೂ ನನಗೂ ಒಂದು ಗೇಣು ಉಳಿದಿತ್ತು. ಮಗಳು ಪಕ್ಕದಲ್ಲಿ ಕೂತಿದ್ದಳು. ಅವತ್ತೇ ತೀರ್ಮಾನಿಸಿದೆ.

ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ 1969ರಲ್ಲೇ ಕಂಪನಿ ಕೊಡುತ್ತಿದ್ದ ಆಯ್ಕೆ. ಜಾಸ್ತಿ ಹಣ ಕೊಟ್ಟವರಿಗೆ ಸಿಗುತ್ತಿತ್ತು. ಅದನ್ನೇ ಹಾಕಿದೆ. ಡ್ರಮ್‌ಗಳನ್ನು ಸ್ಪಿಂಡಲ್ (ಚಕ್ರ ಕೂರುವ ಅಚ್ಚು) ಸಮೇತ ಹಾಗೇ ಇಳಿಸಿ, ಎಣ್ಣೆ ಸವರಿ, ಪೆಟ್ಟಿಗೆಯಲ್ಲಿಟ್ಟೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್, ಆ ಒತ್ತಡ ಹಂಚುವ ವಾಲ್ವ್ ಕೂಡ ಬದಲಾಯಿಸಲೇಬೇಕು, ಅದರಲ್ಲಿ ಉಳಿತಾಯ ಮಾಡಬೇಡಿ. ಟೈರ್ ರೇಡಿಯಲ್ ಹಾಕಿದೆ. ಹಾಕಿದ ಮೇಲೆ ಅಲೈನ್‌ಮೆಂಟ್‌ನಲ್ಲಿ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) ಸ್ವಲ್ಪ ಹೆಚ್ಚಿಸಿ. ಪುಸ್ತಕದಲ್ಲಿರುವ ಅಳತೆ ಆ ಕಾಲದ, ಒಳಗಿನ ದಾರ ಓರೆಯಾಗಿ ಹಾಯುವ ಬಯಾಸ್ ಟೈರ್‌ಗೆ ಕೊಟ್ಟದ್ದು.

ಸ್ಪಾರ್ಕ್‌ಗಾಗಿ ಕರೆಂಟ್ ಕಡಿದು ಕೊಡುವ ಪಾಯಿಂಟ್ಸ್ ತೆಗೆದು, ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದೊಳಗೆ ಕೂರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದಾಗ ಒಂದು ತಪ್ಪು ಮಾಡಿದೆ. ಸ್ಪಾರ್ಕ್‌ಗೆ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಬರುವ ಹಳೆ ವೈರ್‌ಗೇ ಅದನ್ನು ಜೋಡಿಸಿದೆ. ಇಂಜಿನ್ ಬಿಸಿಯಾದರೆ ಸಾಕು, ಮುಗ್ಗರಿಸುತ್ತಿತ್ತು. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿದೆ. ಅದರದ್ದೇನೂ ತಪ್ಪಿರಲಿಲ್ಲ. ಆ ವೈರ್ ಸಾಮಾನ್ಯ ತಂತಿಯಲ್ಲ, ಪಾಯಿಂಟ್ಸ್ ಸುಡದಿರಲಿ ಅಂತ ವೋಲ್ಟೇಜ್ ಇಳಿಸುವ ರೆಸಿಸ್ಟೆನ್ಸ್ ವೈರ್. ಮಾಡ್ಯೂಲ್‌ಗೆ ಪೂರ್ತಿ 12 ವೋಲ್ಟ್ ಬೇಕು. ವೈರ್ ಕತ್ತರಿಸುವಂತಿಲ್ಲ, ನಿಯಮ ನಿಯಮವೇ. ಆ ವೈರ್‌ನಿಂದ ಒಂದು ರಿಲೇ (ಕರೆಂಟ್‌ನಿಂದ ನಡೆಯುವ ಸ್ವಿಚ್) ಮಾತ್ರ ಆನ್ ಆಗುವಂತೆ ಮಾಡಿ, ಬ್ಯಾಟರಿಯಿಂದ ಫ್ಯೂಸ್ ಹಾಕಿ ಬೇರೆ ವೈರ್ ಎಳೆದೆ. ರಿಲೇಯನ್ನು ಮೊದಲೇ ಇದ್ದ ಬೋಲ್ಟ್‌ಗೆ ಸಿಕ್ಕಿಸಿದೆ. ಮುಗ್ಗರಿಸುವುದು ನಿಂತಿತು.

ಬಣ್ಣ ಮಾತ್ರ ಮುಟ್ಟಿಲ್ಲ. ಡೋರ್ ಹ್ಯಾಂಡಲ್ ಸುತ್ತ ಉಗುರು ತಾಗಿ ತಾಗಿ ಬಣ್ಣ ತೆಳುವಾಗಿ, ಒಳಗಿನ ಪ್ರೈಮರ್ ಇಣುಕುತ್ತದೆ. ನೋಡಿದವರೆಲ್ಲ ಹೊಸ ಬಣ್ಣ ಹೊಡೆಸಿ ಅನ್ನುತ್ತಾರೆ. ಐವತ್ತು ವರ್ಷ ಈ ಬಾಗಿಲು ತೆಗೆದವರ ಕೈ ಗುರುತು ಅದು. ಅಳಿಸಲು ನನಗೆ ಮನಸ್ಸಿಲ್ಲ.

ಗೇರ್‌ಬಾಕ್ಸ್ ವಿಷಯದಲ್ಲಿ ತುಂಬಾ ದಿನ ಯೋಚಿಸಿದೆ. ಇರುವುದು ಮೂರೇ ಗೇರ್, ಹಿಂದಿನ ಆಕ್ಸಲ್ ಅನುಪಾತ 3.55, ಅಂದರೆ ಚಕ್ರದ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ 3.55 ಸುತ್ತು. ಗಂಟೆಗೆ 65 ಮೈಲಿಯಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುತ್ತದೆ. ಓವರ್‌ಡ್ರೈವ್ (ಅದೇ ವೇಗದಲ್ಲಿ ಇಂಜಿನ್ ನಿಧಾನ ತಿರುಗಲು ಬಿಡುವ ಗೇರ್) ಇರುವ ನಾಲ್ಕು ಗೇರಿನದ್ದು ಹಾಕಿದರೆ 2,000ದ ಆಸುಪಾಸಿಗೆ ಇಳಿಯುತ್ತದೆ. ಏನೂ ಕತ್ತರಿಸದೆ ಹಾಕಬಹುದು. ನನ್ನ ನಿಯಮಕ್ಕೂ ಅಡ್ಡಿಯಿಲ್ಲ. ಆದರೆ ಸಂಖ್ಯೆ ಹೊಂದುವ ಗೇರ್‌ಬಾಕ್ಸ್ ಗ್ಯಾರೇಜ್ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದರೆ ಸೀಲ್‌ಗಳು ಒಣಗುತ್ತವೆ. ಅದು ಕಾರಿನಲ್ಲೇ ಇರಲಿ ಅಂತ ಬಿಟ್ಟೆ. ಹೈವೇಯಲ್ಲಿ ನಾನೂ ಮಗಳೂ ಸ್ವಲ್ಪ ಗಟ್ಟಿಯಾಗಿ ಮಾತಾಡಿಕೊಳ್ಳುತ್ತೇವೆ.