ಟೋನ್ ಒಂಬತ್ತು ಮುಟ್ಟದ ಸೆಟ್ಟುಗಳು

ಮೋರ್ಸ್ ಕೀ ಒತ್ತುವ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು, ಇವತ್ತಿಗೂ ಒಬ್ಬರಿಗೊಬ್ಬರು 599 ಎಂದು ರಿಪೋರ್ಟ್ ಕೊಡುತ್ತಾರೆ. ಮೊದಲಿನ 5, ಕಳಿಸಿದ್ದು ಎಷ್ಟು ತಿಳಿಯಿತು ಎನ್ನುವುದಕ್ಕೆ. ನಡುವಿನ 9, ಸಿಗ್ನಲ್ ಎಷ್ಟು ಜೋರು ಎನ್ನುವುದಕ್ಕೆ. ಕೊನೆಯ 9 ಟೋನ್‌ಗೆ, ಅಂದರೆ ಸ್ವರ ಎಷ್ಟು ಶುದ್ಧ ಎನ್ನುವುದಕ್ಕೆ. ಈ ಕೊನೆಯ ಅಂಕಿಗೆ ಈಗ ಕೆಲಸವೇ ಇಲ್ಲ. ಅಂಗಡಿಯಿಂದ ತಂದ ಸೆಟ್ಟು ಎಂದೂ 9ರಿಂದ ಇಳಿಯುವುದಿಲ್ಲ. ನಾನು ಹ್ಯಾಮ್ ಬ್ಯಾಂಡ್‌ಗೆ ಬಂದಾಗ ಹಾಗಿರಲಿಲ್ಲ. ಕಾಲ್‌ಸೈನ್ (ಪ್ರತಿ ಹ್ಯಾಮ್‌ನ ಗುರುತಿನ ಸಂಕೇತ) ಕೇಳುವ ಮೊದಲೇ ಇವರು ಯಾರೆಂದು ಗೊತ್ತಾಗುತ್ತಿತ್ತು. ಒಬ್ಬರ ಸ್ವರಕ್ಕೆ ಫಿಲ್ಟರ್ ಕಂಡೆನ್ಸರ್ ಸೋತ ಗುಂಯ್‌ಗುಡುವಿಕೆ, ಇನ್ನೊಬ್ಬರದು ಪ್ರತಿ ಡ್ಯಾಶ್‌ನ ಕೊನೆಗೂ ಹಕ್ಕಿಯಂತೆ ಚಿಂವ್ ಎನ್ನುವ ಚರ್ಪ್.

ನನ್ನ ಮೊದಲ ಟ್ರಾನ್ಸ್‌ಮಿಟರ್ 6ವಿ6 ವಾಲ್ವ್‌ನ, ಅಲೆ ಹುಟ್ಟಿಸುವ ಕ್ರಿಸ್ಟಲ್ ಆಸಿಲೇಟರ್, ಅದರ ಮುಂದೆ ಸಿಗ್ನಲ್ ಜೋರು ಮಾಡಲು ಒಂದು 807 ವಾಲ್ವ್. ಕ್ರಿಸ್ಟಲ್ ಯುದ್ಧಕಾಲದ ಎಫ್‌ಟಿ-243, ಬೆಂಗಳೂರಿನ ಸಂಡೇ ಬಜಾರ್‌ನ ಗುಜರಿ ರಾಶಿಯಲ್ಲಿ ಸಿಕ್ಕಿದ್ದು. ಕ್ರಿಸ್ಟಲ್ ಯಾವ ಫ್ರೀಕ್ವೆನ್ಸಿಯಲ್ಲಿದೆಯೋ ನೀವೂ ಅಲ್ಲೇ. ಅಲ್ಲಿ ಬೇರೆಯವರು ಮಾತಾಡುತ್ತಿದ್ದರೆ ಕಾಯಬೇಕು. ಕಾಯಲಾಗದವರು ಹೋಲ್ಡರ್‌ನ ಸ್ಕ್ರೂ ಬಿಚ್ಚಿ, ಗಾಜಿನ ಹಲಗೆಯ ಮೇಲೆ ನುಣ್ಣನೆಯ ಕಾರ್ಬೊರಂಡಮ್ ಪುಡಿಗೆ ನೀರು ಹನಿಸಿ, ಸ್ಫಟಿಕದ ಬಿಲ್ಲೆಯನ್ನು ಮೆಲ್ಲಗೆ ಉಜ್ಜುತ್ತಿದ್ದರು. ತೆಳುವಾದಷ್ಟೂ ಫ್ರೀಕ್ವೆನ್ಸಿ ಮೇಲೇರುತ್ತದೆ. ಹೆಚ್ಚಾಗಿ ಏರಿಬಿಟ್ಟರೆ ಬಿಲ್ಲೆಯ ಮೇಲೆ ಪೆನ್ಸಿಲ್ ಗೀಚಿ ಸ್ವಲ್ಪ ಇಳಿಸಬಹುದು, ಆದರೆ ಸ್ವಲ್ಪವೇ. ನಾನು ಕ್ರಿಸ್ಟಲ್‌ಗೆ 60 ಮಿಲಿ ಆಂಪಿಯರ್‌ನ ಪುಟ್ಟ ಬಲ್ಬನ್ನು ಸರಣಿಯಲ್ಲಿ ಹಾಕಿದ್ದೆ. ಅದು ಪ್ರಕಾಶವಾಗಿ ಉರಿದರೆ ಕ್ರಿಸ್ಟಲ್ ಬಿಸಿಯಾಗುತ್ತಿದೆ, ಇನ್ನು ಚಿಂವ್ ಶುರುವಾಗುತ್ತದೆ ಎಂದು ಅರ್ಥ.

807 ಮಾತ್ರ ದೊಡ್ಡ ಮನಸ್ಸಿನ ವಾಲ್ವ್. ಪ್ಲೇಟ್ ಕರೆಂಟ್‌ನ ಮೀಟರ್ ನೋಡುತ್ತಾ ಟ್ಯೂನಿಂಗ್ ಕಂಡೆನ್ಸರ್ ತಿರುಗಿಸಿದರೆ ಒಂದು ಕಡೆ ಮುಳ್ಳು ಸರಕ್ಕನೆ ಕೆಳಗಿಳಿಯುತ್ತದೆ, ಅದೇ ಡಿಪ್, ಟ್ಯೂನಿಂಗ್ ಸರಿಯಾಯಿತೆಂಬ ಗುರುತು. ಲೈನ್ ಟೆಸ್ಟರ್ ಅನ್ನು ಟ್ಯಾಂಕ್ ಕಾಯಿಲ್‌ನ (ವಾಲ್ವ್‌ನ ಔಟ್‌ಪುಟ್‌ನಲ್ಲಿರುವ ಟ್ಯೂನಿಂಗ್ ಸುರುಳಿಯ) ಹತ್ತಿರ ಹಿಡಿದರೆ ಸಾಕು, ಮುಟ್ಟಿಸದೆಯೇ ಒಳಗಿನ ನಿಯಾನ್ ಹೊತ್ತಿಕೊಳ್ಳುತ್ತದೆ. 807ರ ಗಾಜಿನ ಒಳಮೈಯಲ್ಲಿ ಕೀ ಒತ್ತಿದಂತೆಲ್ಲ ಕುಣಿಯುವ ನೀಲಿ ಬೆಳಕು ಕಂಡು ಹೊಸಬರು ಹೆದರುತ್ತಿದ್ದರು. ಅದರಿಂದ ಏನೂ ಆಗುವುದಿಲ್ಲ. ಎಲೆಕ್ಟ್ರೋಡ್‌ಗಳ ನಡುವೆ ಗುಲಾಬಿ-ನೇರಳೆ ಬಣ್ಣ ತುಂಬಿಕೊಂಡರೆ ಮಾತ್ರ ಒಳಗೆ ಗ್ಯಾಸ್ ಸೇರಿದೆ, ಆ ವಾಲ್ವ್ ಮುಗಿಯಿತು.

ಆಮೇಲೆ ಕ್ರಿಸ್ಟಲ್ ಬಿಟ್ಟು ವಿಎಫ್‌ಒ, ಅಂದರೆ ಫ್ರೀಕ್ವೆನ್ಸಿ ಬದಲಿಸಬಹುದಾದ ಆಸಿಲೇಟರ್, ಮಾಡಿಕೊಂಡೆ. ಎಲ್ಲಿ ಬೇಕಾದರೂ ಹೋಗಬಹುದು, ಸರಿ. ಆದರೆ ಅದು ನಿಂತಲ್ಲಿ ನಿಲ್ಲುವುದಿಲ್ಲ. ಹೀಟರ್ ಬಿಸಿಯಾಗಲು ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿ ಕಾಫಿಗೆ ಹೋಗುವುದು ನನ್ನ ರೂಢಿ. ಆಸಿಲೇಟರ್‌ಗೆ ವೋಲ್ಟೇಜ್ ಏರುಪೇರಾಗಬಾರದೆಂದು ವಿಆರ್150 ಎಂಬ ಗ್ಯಾಸ್ ಟ್ಯೂಬ್ ಇರುತ್ತಿತ್ತು. ನೇರಳೆಯಾಗಿ ಬೆಳಗುತ್ತಿರುವಷ್ಟು ಹೊತ್ತು ಅದು 150 ವೋಲ್ಟ್ ಕಾಯ್ದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಊರಲ್ಲಿ ಸಂಜೆ ಎಲ್ಲರ ಮನೆಯ ದೀಪ ಹತ್ತುತ್ತಿದ್ದಂತೆ ಲೈನ್ ವೋಲ್ಟೇಜ್ ಕುಸಿಯುತ್ತಿತ್ತು, ಟ್ಯೂಬ್ ಆರಿಹೋಗುತ್ತಿತ್ತು, ನನ್ನ ಸಿಗ್ನಲ್ ಬ್ಯಾಂಡ್‌ನಲ್ಲಿ ಜಾರತೊಡಗುತ್ತಿತ್ತು. ಆ ಕಡೆಯ ಓಎಂ (‘ಓಲ್ಡ್ ಮ್ಯಾನ್’, ಹ್ಯಾಮ್ ಗೆಳೆಯರನ್ನು ಕರೆಯುವ ಮಾತು) ಡಯಲ್ ತಿರುಗಿಸುತ್ತಾ ಹಿಂದೆಯೇ ಬರುತ್ತಿದ್ದರು. ಯಾರೂ ಬೇಸರಿಸಿಕೊಳ್ಳುತ್ತಿರಲಿಲ್ಲ. ನಿಮ್ಮೂರಲ್ಲಿ ಕರೆಂಟ್ ಡಲ್ಲಾಯ್ತಾ ಎಂದು ಕೇಳುತ್ತಿದ್ದರು.

ಇವೆಲ್ಲ ಕೈಯಾರೆ ಕಟ್ಟಿದವು. ಕಟ್ಟದೇ ಸಿಕ್ಕಿದ್ದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ವೈರ್‌ಲೆಸ್ ಸೆಟ್ ನಂಬರ್ 19. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕ್‌ಗಳಿಗೆಂದು ಮಾಡಿದ್ದು, 2ರಿಂದ 8 ಮೆಗಾಹರ್ಟ್ಸ್. ಕೆನಡಾದಲ್ಲಿ ತಯಾರಾದ ಹಲವು ಸೆಟ್ಟುಗಳ ಮುಖದಲ್ಲಿ ಇಂಗ್ಲಿಷ್ ಜೊತೆಗೆ ರಷ್ಯನ್ ಅಕ್ಷರಗಳೂ ಇವೆ, ಸೋವಿಯತ್ ಸೇನೆಗೆ ಕಳಿಸಲು ಮಾಡಿದ್ದು. ನನ್ನದೂ ಅಂಥದ್ದೇ. ಅದು ಮಲೆನಾಡಿನವರೆಗೆ ಹೇಗೆ ಬಂತು ಎಂದು ಮಾರಿದವನನ್ನು ಕೇಳಿದೆ. ‘ಕೆಜಿ ಲೆಕ್ಕದಲ್ಲಿ ಬಂತು ಸಾರ್’ ಎಂದ.

ಈ ಸೆಟ್ಟಿನ ಜಾಣತನ ಅದರ ನೆಟ್ಟಿಂಗ್‌ನಲ್ಲಿದೆ. ರಿಸೀವರ್‌ನ ಆಸಿಲೇಟರನ್ನೇ ಟ್ರಾನ್ಸ್‌ಮಿಟರ್ ಕೂಡ ಬಳಸುತ್ತದೆ. ಹಾಗಾಗಿ ಎದುರಿನವರ ಸಿಗ್ನಲ್ ಮೇಲೆ ಶಿಳ್ಳೆ ಇಳಿಯುತ್ತಾ ಇಳಿಯುತ್ತಾ ಸೊನ್ನೆಯಾಗುವವರೆಗೆ ಡಯಲ್ ತಿರುಗಿಸಿದರೆ ನಾವು ಕಳಿಸುವುದೂ ಅದೇ ಜಾಗದಲ್ಲಿ. ಕುಲುಕಾಡುವ ಟ್ಯಾಂಕ್‌ನೊಳಗೆ ಕೂತು ಮಾಡಬೇಕಾದ ಕೆಲಸಕ್ಕೆ ಇದಕ್ಕಿಂತ ಸರಳ ಉಪಾಯ ಇರಲಾರದು. ಮೊದಲೇ ಗುರುತಿಟ್ಟ ಎರಡು ಫ್ರೀಕ್ವೆನ್ಸಿಗಳ ನಡುವೆ ಟಕ್ಕನೆ ಹಾರಲು ಡಯಲ್‌ನಲ್ಲಿ ಲಿವರ್ ಬೇರೆ.

ಹುಳುಕುಗಳೂ ಇವೆ. 12 ವೋಲ್ಟ್ ಬ್ಯಾಟರಿಗೆ ಮಾಡಿದ್ದರಿಂದ 6.3 ವೋಲ್ಟ್‌ನ ಹೀಟರ್‌ಗಳು ಸರಣಿಯಲ್ಲಿ ಕೂತಿವೆ. ಒಂದು ವಾಲ್ವ್ ಸತ್ತರೆ ಜೊತೆಯದೂ ಕಣ್ಣು ಮುಚ್ಚುತ್ತದೆ, ಕೆಟ್ಟದ್ದು ಯಾವುದೆಂದು ಹುಡುಕುವ ಪಾಡು ನಮ್ಮದು. ಹೈ ವೋಲ್ಟೇಜ್ ಕೊಡುವ ತಿರುಗುವ ಜನರೇಟರ್‌ನ ಕೂಗು ಕೋಣೆಗಷ್ಟೇ ಅಲ್ಲ, ಮಾತಿನೊಳಕ್ಕೂ ನುಸುಳುತ್ತಿತ್ತು. ಕೊನೆಗೆ ಅದನ್ನು ಪಕ್ಕಕ್ಕಿಟ್ಟು 265 ಮತ್ತು 540 ವೋಲ್ಟ್‌ನ ಮೇನ್ಸ್ ಪವರ್ ಸಪ್ಲೈ ಕಟ್ಟಿದೆ. ಸೆಟ್ಟು ಹಳೆಯ ರೂಪದಲ್ಲೇ ಇರಬೇಕೆನ್ನುವವರಿಗೆ ಇದು ಅಪಚಾರ. ಇರಲಿ, ನನಗೆ ಕಿವಿ ಮುಖ್ಯ.

ಮೈಕ್‌ಗಳದ್ದು ಬೇರೆಯೇ ಕತೆ. ಅಮೆರಿಕನ್ ಟಿ-17 ಕಾರ್ಬನ್ ಮೈಕ್ ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತಿತ್ತು. ಶೀತಕ್ಕೆ ಒಳಗಿನ ಕರಿಪುಡಿ ಅಂಟಿಕೊಂಡು ದನಿ ಗೊಗ್ಗರಾದಾಗ ಅಂಗೈಗೆ ಎರಡು ಬಾರಿ ಬಡಿಯಬೇಕು. ‘ಮೈಕ್ ತಟ್ಟಿ, ಓವರ್’ ಎಂದು ಆ ಕಡೆಯವರೇ ಹೇಳುತ್ತಿದ್ದರು.

ಆ ಕಾಲದ ಎಎಂ ಟ್ರಾನ್ಸ್‌ಮಿಶನ್ (ಮಾತಿಗೆ ತಕ್ಕಂತೆ ಸಿಗ್ನಲ್‌ನ ಜೋರು ಏರಿಳಿಯುವ ವಿಧಾನ) ಇನ್ನೊಂದು ಆಟ ಆಡುತ್ತಿತ್ತು. ಹತ್ತಿರದ ಆಂಪ್ಲಿಫೈಯರ್‌ನ ಮೊದಲ ಹಂತವೇ ಸಿಗ್ನಲ್ ಹಿಡಿದು ಮಾತನ್ನು ಹೊರಗೆ ಬಿಡುತ್ತದೆ. ಚೌತಿಯ ಸಮಯ ಪೆಂಡಾಲ್‌ನ ಹುಡುಗ ಓಡಿಬಂದ: ‘ಸಾರ್, ಗಣಪತಿ ನಿಮ್ಮ ದನಿಯಲ್ಲಿ ಹವಾಮಾನ ಹೇಳ್ತಿದಾನೆ!’ ಅವರ ಆಂಪ್ಲಿಫೈಯರ್‌ನ ಮೈಕ್ ಇನ್‌ಪುಟ್‌ಗೆ 0.001 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಬೆಸೆದು ಗಣಪತಿಯ ಬಾಯಿ ಮುಚ್ಚಿಸಿದೆ. ಆ ಸಿಗ್ನಲ್‌ನ ಒಂದೇ ಪಕ್ಕವನ್ನು ಕಳಿಸುವ ಎಸ್‌ಎಸ್‌ಬಿ ವಿಧಾನ ಬಂದ ಮೇಲೂ ತೊಂದರೆ ಇತ್ತು, ಆದರೆ ಬರೀ ಗೊರಗೊರ ಸದ್ದು. ಯಾರ ಮಾತೆಂದು ಊರಿಗೆ ತಿಳಿಯುತ್ತಿರಲಿಲ್ಲ.

ನಿಮ್ಮ ಅಟ್ಟದಲ್ಲೋ ಗುಜರಿಯಲ್ಲೋ ಇಂಥ ಸೆಟ್ಟು ಸಿಕ್ಕರೆ ನೇರವಾಗಿ ಕರೆಂಟ್ ಕೊಡಬೇಡಿ. ಮೊದಲು 6ವಿ6ನ ಗ್ರಿಡ್‌ಗೆ ಹೋಗುವ ಮೇಣದ ಕಾಗದದ ಕಂಡೆನ್ಸರ್ ಬದಲಿಸಿ. ಅದು ಸೋರುತ್ತಿದ್ದರೆ ವಾಲ್ವ್ ಬೆಂದುಹೋಗುತ್ತದೆ. ಆಮೇಲೆ ಪವರ್ ಸಪ್ಲೈಗೆ 60 ವ್ಯಾಟ್‌ನ ಹಳೇ ಬಲ್ಬ್ ಸರಣಿಯಲ್ಲಿ ಹಾಕಿ ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಿರಿ, ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇದೆ. 807ರ ತಲೆಯ ಕ್ಯಾಪ್‌ನಲ್ಲಿ 500 ವೋಲ್ಟ್‌ಗೂ ಹೆಚ್ಚು ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರ್‌ಗಳನ್ನು ಡಿಸ್ಚಾರ್ಜ್ ಮಾಡದೆ ಕೈ ಹಾಕಬಾರದು, ಹಾಕುವಾಗಲೂ ಇನ್ನೊಂದು ಕೈ ಜೇಬಿನಲ್ಲಿರಲಿ. ಬಿಡಿಭಾಗದ ಚಿಂತೆ ಅಷ್ಟಿಲ್ಲ. ಗಿಟಾರ್ ಆಂಪ್ಲಿಫೈಯರ್‌ಗಳ ಪುಣ್ಯದಿಂದ 6ವಿ6 ಇವತ್ತಿಗೂ ತಯಾರಾಗುತ್ತಿದೆ, ಬೆಲೆ ಏರಿದ್ದೂ ಅವರಿಂದಲೇ.