ಪುಕ್ಕ ನೋಡಿ ಗರುಡನ ವಯಸ್ಸು ಗುರುತಿಸುವುದು ಹೇಗೆ?

ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆಗೆಂಪು ರೆಕ್ಕೆ ಕಂಡರೆ ಗರುಡ ಎಂದು ಯಾರಾದರೂ ಹೇಳುತ್ತಾರೆ. ತೊಡಕಿರುವುದು ಎಳೆಯ ಗರುಡಗಳಲ್ಲಿ. ಗೂಡು ಬಿಟ್ಟು ಹಾರುವಾಗ ಅವುಗಳ ಮೈಯೆಲ್ಲ ಕಂದು. ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ (ಮೀನುದೋಣಿ ನಿಲ್ಲುವ ಕಟ್ಟೆಗಳಲ್ಲಿ) ಮೀನಿಗೆ ಎರಗುವ ಇವುಗಳನ್ನು ಬಹಳ ಮಂದಿ ಹದ್ದು ಎಂದೇ ಬರೆದುಕೊಳ್ಳುತ್ತಾರೆ.

ಮೊದಲು ಬಣ್ಣ ಬಿಡಿ, ಬಾಲ ನೋಡಿ. ಹದ್ದಿನ ಬಾಲದ ತುದಿ ಕವಲು. ಗರುಡನದು ಯಾವ ವಯಸ್ಸಿನಲ್ಲೂ ಗುಂಡಗೆ. ಹದ್ದು ತಿರುಗುವಾಗ ಬಾಲವನ್ನು ಪೂರ್ತಿ ಬಿಚ್ಚಿದರೆ ಕವಲು ಕಾಣುವುದಿಲ್ಲ, ಎಡವುವುದು ಇಲ್ಲೇ. ಬಾಲ ಮಡಚುವವರೆಗೆ ಕಾಯಿರಿ.

ಗರುಡ ಎಂದು ಖಚಿತವಾದ ಮೇಲೆ ರೆಕ್ಕೆಯ ಅಡಿಭಾಗಕ್ಕೆ ಬನ್ನಿ. ಮೊದಲ ವರ್ಷದ ಹಕ್ಕಿಗೆ ಅಲ್ಲಿ, ತುದಿಗರಿಗಳ ಬುಡದಲ್ಲಿ, ಮಾಸಲು ಬಿಳಿಯ ಚೌಕಾಕಾರದ ಮಚ್ಚೆ ಇರುತ್ತದೆ. ತಲೆ, ಎದೆಯ ಮೇಲೆ ತಿಳಿ ಗೀರುಗಳು. ಎರಡನೇ ವರ್ಷ ತಲೆ, ಎದೆ ಬೂದುಮಿಶ್ರಿತ ಬಿಳಿಯಾಗುತ್ತವೆ. ಮೂರನೇ ವರ್ಷದ ಹೊತ್ತಿಗೆ ಪ್ರೌಢ ಬಣ್ಣ ಬರುತ್ತದೆ. ಆಗಲೂ ಬಿಳಿ ಗರಿಗಳ ನಡುವೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಗಳಿರುತ್ತವೆ, ರೆಕ್ಕೆಯ ತುದಿ ಕಪ್ಪಾಗಿರುತ್ತದೆ. ಗಂಡು ಹೆಣ್ಣಿನ ಬಣ್ಣ ಒಂದೇ.

ಈ ನಡುವಿನ ಅವಸ್ಥೆ ಯಾಕೆ ಇಷ್ಟು ತೇಪೆ ತೇಪೆಯಾಗಿ ಕಾಣುತ್ತದೆ? ಪೂರ್ತಿ ಬೆಳೆದ ಗರಿಯಲ್ಲಿ ಜೀವವಿಲ್ಲ, ಅದಕ್ಕೆ ಹೊಸ ಬಣ್ಣ ಏರುವುದೇ ಇಲ್ಲ. ಹಳೆಯದು ಉದುರಿ, ಅದೇ ಕುಳಿಯಿಂದ ಹೊಸ ಬಣ್ಣದ ಗರಿ ಹುಟ್ಟಬೇಕು. ಎಲ್ಲ ಒಟ್ಟಿಗೆ ಉದುರಿದರೆ ಹಕ್ಕಿ ಹಾರಲಾರದು. ಆದ್ದರಿಂದ ರೆಕ್ಕೆಯ ಹತ್ತು ತುದಿಗರಿಗಳು ಒಳಗಿನಿಂದ ಹೊರಕ್ಕೆ ಸರದಿಯಲ್ಲಿ ಬದಲಾಗುತ್ತವೆ. ಹಳತು ಹೊಸತು ಅಕ್ಕಪಕ್ಕ ಇರುವುದು ಅದಕ್ಕೇ.

ಬಿಸಿಲು ಇನ್ನೊಂದು ಮೋಸ ಮಾಡುತ್ತದೆ. ಕಂದು ಗರಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಬಿಳುಚುತ್ತದೆ. ಮೊದಲ ವರ್ಷದ ಹಕ್ಕಿಯೇ ಎರಡನೇ ವರ್ಷದ್ದರಂತೆ ಕಾಣುತ್ತದೆ. ಆಗ ಗರಿಯ ಅಂಚು ನೋಡಿ: ಬಿಸಿಲಿಗೆ ಮಾಸಿದ್ದು ಸವೆದು ಜುಂಜಾಗಿರುತ್ತದೆ, ಹೊಸದಾಗಿ ಹುಟ್ಟಿದ್ದರ ಅಂಚು ನಯವಾಗಿ, ಇಡಿಯಾಗಿ ಇರುತ್ತದೆ. ಕಪ್ಪು ವರ್ಣದ್ರವ್ಯ ಇರುವ ಗರಿ ಗಟ್ಟಿ, ಬೇಗ ಸವೆಯದು.

ಫೋಟೊ ತೆಗೆಯುವುದಾದರೆ ನಡುಮಧ್ಯಾಹ್ನ ಬೇಡ. ಬಿಳಿ ತಲೆಯ ವಿವರವೆಲ್ಲ ಬೆಳಕಿನಲ್ಲಿ ಅಳಿಸಿಹೋಗುತ್ತದೆ. ಬೆಳಗಿನ ಬಿಸಿಲಲ್ಲಿ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ರೆಕ್ಕೆಯ ಅಡಿಭಾಗ ಮತ್ತು ಬಾಲ ಎರಡೂ ಸಿಗುವಂತೆ ತೆಗೆಯಿರಿ. ವರ್ಷ ಖಚಿತವಾಗದಿದ್ದರೆ ಪಟ್ಟಿಯಲ್ಲಿ ‘ಅಪ್ರೌಢ’ ಎಂದಷ್ಟೇ ಬರೆಯಿರಿ.