ಎರಡು ಹಾಜರಿ ಪುಸ್ತಕ ಪಕ್ಕಪಕ್ಕ ಇಟ್ಟಾಗ

2024ರ ನವೆಂಬರ್‌ನಲ್ಲಿ ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಹೈಸ್ಕೂಲಿನ ಬಯಲಲ್ಲಿ ನಡೆಯಿತು. ಎದ್ದು ನಿಂತು ಕೇಳಲು ಮಕ್ಕಳು ಹಿಂಜರಿಯುತ್ತಾರೆಂದು ವಾರ ಮೊದಲೇ ಶಾಲೆಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೆವು. ಬಿದ್ದ ಚೀಟಿಗಳಲ್ಲಿ ಬಹಳಷ್ಟು ಪ್ರತಿವರ್ಷದವೇ. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಬಿದ್ದಿದೆ, ಬಸ್ಸು ಕ್ರಾಸ್‌ನಲ್ಲಿ ನಿಲ್ಲುವುದಿಲ್ಲ. ಒಂದು ಚೀಟಿ ಮಾತ್ರ ಬೇರೆಯಿತ್ತು. ನೋಟ್‌ಬುಕ್ಕಿನ ಮೂಲೆ ಹರಿದು ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ನಾ ದಿನಾ ಸಾಲಿಗೆ ಬಂದ್ರ ನಮ್ಮ ತಮ್ಮನ್ನ ಯಾರು ಹಿಡೀತಾರ?’

ಹೆಸರಿರಲಿಲ್ಲ. ವೇದಿಕೆಯಿಂದ ಉತ್ತರ ಕೂಡಲೇ ಬಂತು. ‘ಪಂಚಾಯಿತಿಯಿಂದ ಕೂಸಿನ ಮನೆ ತೆರೆದಿದ್ದೇವೆ, ಸಣ್ಣ ಮಕ್ಕಳನ್ನು ಅಲ್ಲಿ ಬಿಡಬಹುದು.’ ಚಪ್ಪಾಳೆಯೂ ಆಯಿತು, ನಡಾವಳಿಯಲ್ಲೂ ಬರೆದರು. ನಾನು ಅದೇ ವೇದಿಕೆ ಮೇಲೆ ಕುಳಿತಿದ್ದೆ. ಸಾಮಾಜಿಕ ನ್ಯಾಯ ಸಮಿತಿಯ ಸದಸ್ಯೆಯಾಗಿ ಆ ಕೂಸಿನ ಮನೆಯ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವಳು ನಾನೇ. ಕೂಸಿನ ಮನೆ ಇದೆ ಅನ್ನುವುದು ಆ ಹುಡುಗಿಗೂ ಗೊತ್ತಿರುತ್ತದೆ, ಊರು ಅಷ್ಟು ದೊಡ್ಡದಲ್ಲ. ಗೊತ್ತಿದ್ದೂ ಯಾಕೆ ಕೇಳಿದಳು? ಅಂದು ರಾತ್ರಿ ಊಟ ಸೇರಲಿಲ್ಲ.

ನಮ್ಮದು ಕೊಪ್ಪಳ ಜಿಲ್ಲೆ, ಮಳೆ ನಂಬಿದ ನೆಲ. ಬೆಳೆ ಕೈಕೊಟ್ಟರೆ ಅರ್ಧ ಓಣಿ ಗುಳೆ ಹೋಗುತ್ತದೆ. ಉಳಿದವರಿಗೆ ಉದ್ಯೋಗ ಖಾತರಿಯ ಬದು, ಕೆರೆ ಹೂಳು. 2020ರ ಡಿಸೆಂಬರ್ ಚುನಾವಣೆಯಲ್ಲಿ ಸದಸ್ಯೆಯಾಗುವ ಮೊದಲು ನಾನೂ ಅದೇ ಕೆಲಸಕ್ಕೆ ಹೋದವಳು. ನನ್ನ ಹಿರಿಮಗನನ್ನು ಬೇವಿನ ಟೊಂಗೆಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ, ಬುಟ್ಟಿ ಹೊತ್ತು ಹೋಗುವಾಗಲೂ ಬರುವಾಗಲೂ ಆ ಜೋಳಿಗೆಯನ್ನೇ ನೋಡುತ್ತಿದ್ದೆ. ಐದು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಕೆಲಸದ ಜಾಗಕ್ಕೆ ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ಇಡಬೇಕೆಂದು ಉದ್ಯೋಗ ಖಾತರಿ ಕಾನೂನಿನಲ್ಲೇ ಇತ್ತು. ಅದು ನನಗೆ ಗೊತ್ತಾದದ್ದು ಸದಸ್ಯೆಯಾದ ಮೇಲೆ. ಹಾಗಾಗಿ 2023-24ರ ಬಜೆಟ್‌ನಲ್ಲಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂದು ಘೋಷಣೆಯಾದಾಗ, ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಕಂಡಾಗ, ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೂರು ವರ್ಷ ಆದ ಮೇಲೆ ಅಂಗನವಾಡಿ ಇದೆ. 1975ರಲ್ಲಿ ಟಿ. ನರಸೀಪುರದಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಆ ವ್ಯವಸ್ಥೆ ಓಣಿ ಓಣಿಗೆ ಮುಟ್ಟಿದೆ. ಆದರೆ ಎದೆಹಾಲು ಬಿಡುವ ಮತ್ತು ಅಂಗನವಾಡಿ ಸೇರುವ ನಡುವಿನ ಎರಡು ವರ್ಷ ಕೂಸನ್ನು ಕೂಲಿ ಹೆಂಗಸು ಎಲ್ಲಿ ಬಿಡಬೇಕು ಎಂದು ಯಾರೂ ಕೇಳಿರಲಿಲ್ಲ.

ಸಭೆ ಮುಗಿದ ಮರುದಿನ ಬೆಳಿಗ್ಗೆ ಏಳೂವರೆಗೆ ಕೂಸಿನ ಮನೆಗೆ ಹೋದೆ. ಬೀಗ. ಅದುವರೆಗೆ ನಾನು ಹೋಗುತ್ತಿದ್ದುದೆಲ್ಲ ಹನ್ನೊಂದು ಗಂಟೆಗೆ, ಪಂಚಾಯಿತಿ ಕಚೇರಿಗೆ ಹೋಗುವ ದಾರಿಯಲ್ಲಿ. ಹತ್ತಕ್ಕೆ ಬಾಗಿಲು ತೆಗೆದರು. ಗೋಡೆಗೆ ಚಂದದ ಚಿತ್ರ, ಎರಡು ತೊಟ್ಟಿಲು, ಮೂಲೆಯಲ್ಲಿ ಮಡಚಿಟ್ಟ ಕೌದಿ, ನಾಲ್ಕು ಮಕ್ಕಳು. ಹಾಜರಿ ಪುಸ್ತಕದಲ್ಲಿ 12 ಹೆಸರು, ಹನ್ನೆರಡಕ್ಕೂ ಗುರುತು. ಅಂದಿನದಷ್ಟೇ ಅಲ್ಲ, ತಿಂಗಳ ಎಲ್ಲ ದಿನವೂ ಹಾಗೇ. ಪುಟದ ಕೆಳಗೆ ನನ್ನ ಸಹಿ.

‘ತಂಗಿ, ಉಳಿದವ್ರು ಎಲ್ಲಿ ಅದಾರ?’ ಅಂದೆ. ಆರೈಕೆದಾರ ಹುಡುಗಿ ತಲೆ ತಗ್ಗಿಸಿದಳು. ‘ಅಕ್ಕಾರ, ಹಾಜರಿ ಕಡಿಮಿ ಆದ್ರ ಸೆಂಟರ್ ಮುಚ್ಚತಾರ ಅಂದ್ರು.’ ಯಾರು ಅಂದರು ಎಂದು ನಾನು ಬೆನ್ನು ಹತ್ತಲಿಲ್ಲ. ಅವಳನ್ನು ತಪ್ಪಿತಸ್ಥಳಾಗಿ ನಿಲ್ಲಿಸಿದ್ದರೆ ಅಂದಿನ ಮಟ್ಟಿಗೆ ನಾನು ದೊಡ್ಡವಳಾಗುತ್ತಿದ್ದೆ, ಮುಂದೆ ಯಾರೂ ನನಗೆ ನಿಜ ಹೇಳುತ್ತಿರಲಿಲ್ಲ. ಉಸ್ತುವಾರಿ ಎಂದರೆ ತಪ್ಪು ಹಿಡಿಯುವುದು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಾಗೆ ತಿಳಿದವರಿಗೆ ತುಂಬಿದ ಪುಸ್ತಕ ಬಿಟ್ಟು ಬೇರೇನೂ ನೋಡಲು ಸಿಗುವುದಿಲ್ಲ.

ಕಾರಣ ಬಾಗಿಲಲ್ಲೇ ಇತ್ತು. ಉದ್ಯೋಗ ಖಾತರಿ ಕೆಲಸದಲ್ಲಿ ಆಗ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಜರಿ ಹಾಕುತ್ತಿದ್ದರು. ಬೆಳಗಿನ ಫೋಟೊದಲ್ಲಿ ಮುಖ ಇರದಿದ್ದರೆ ಆ ದಿನದ ಕೂಲಿಗೆ ಸಂಚಕಾರ. ಆಗ ದಿನಕ್ಕೆ 349 ರೂಪಾಯಿ. ಕೂಲಿಕಾರರ ಗುಂಪಿನ ಮೇಲುಸ್ತುವಾರಿ ನೋಡುವ ಕಾಯಕ ಬಂಧು ಮೊಬೈಲ್ ಹಿಡಿದು ನಿಲ್ಲುವ ಹೊತ್ತಿಗೆ ಹೆಂಗಸರು ಮೂರು ಕಿಲೋಮೀಟರ್ ನಡೆದು ಕೆರೆಯಂಗಳ ಮುಟ್ಟಿರಬೇಕು. ಅಂದರೆ ಏಳಕ್ಕೆ ಮನೆ ಬಿಡಬೇಕು. ಕೂಸಿನ ಮನೆ ತೆರೆಯುವುದು ಹತ್ತಕ್ಕೆ. ನಡುವಿನ ಮೂರು ತಾಸು ಕೂಸು ಯಾರ ಕಂಕುಳಲ್ಲಿ?

ಆ ಉತ್ತರ ಹುಡುಕಲು ನಾನು ಮಾಡಿದ್ದು ಬಹಳ ಸಣ್ಣ ಕೆಲಸ. ಬೇರೆ ಪಂಚಾಯಿತಿಯ ಸದಸ್ಯೆಯರೂ ಮಾಡಿ ನೋಡಲಿ ಎಂದೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಹೈಸ್ಕೂಲಿಗೆ ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ, 8 ಮತ್ತು 9ನೇ ತರಗತಿಯಲ್ಲಿ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸುವ ಹುಡುಗಿಯರ ಹೆಸರು ಬರೆದುಕೊಂಡೆ. ಒಂಬತ್ತು ಹೆಸರು. ಕೂಸಿನ ಮನೆಯ ಪುಸ್ತಕವನ್ನು ಪಕ್ಕದಲ್ಲಿಟ್ಟೆ. ಒಂಬತ್ತರಲ್ಲಿ ಆರು ಮನೆಗಳ ಹೆಸರು ಎರಡರಲ್ಲೂ ಇತ್ತು. ಕೂಸಿನ ಮನೆಯಲ್ಲಿ ‘ಹಾಜರಿ’ ಇದ್ದ ಕೂಸು ಮನೆಯಲ್ಲಿ ಅಕ್ಕನ ಕಂಕುಳಲ್ಲಿತ್ತು, ಶಾಲೆಯಲ್ಲಿ ಅಕ್ಕ ‘ಗೈರು’. ಒಂದು ಪುಸ್ತಕವನ್ನು ಮಹಿಳಾ ಮತ್ತು ಮಕ್ಕಳ ವಿಷಯ ಅಂತಲೂ ಇನ್ನೊಂದನ್ನು ಶಿಕ್ಷಣದ ವಿಷಯ ಅಂತಲೂ ಬೇರೆ ಬೇರೆ ದಿನ, ಬೇರೆ ಬೇರೆ ಸಭೆಯಲ್ಲಿ ನೋಡುತ್ತಿದ್ದೆವು. ಮನೆ ಒಂದೇ ಆಗಿತ್ತು.

ಇನ್ನೂ ಒಂದು ಸಂಗತಿ ಆಗಲೇ ಕಣ್ಣಿಗೆ ಬಿತ್ತು. ಹದಿಹರೆಯದ ಮಕ್ಕಳಿಗೆ ರಕ್ತಹೀನತೆ ತಡೆಯಲು ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ, ಅದು ಸೋಮವಾರ. ನಮ್ಮೂರ ಸಂತೆಯೂ ಸೋಮವಾರ. ತಾಯಿ ಸಂತೆಗೆ, ಅಕ್ಕ ಮನೆಗೆ. ಮಾತ್ರೆ ಎಲ್ಲರಿಗಿಂತ ಹೆಚ್ಚು ಬೇಕಾದ ಹುಡುಗಿಯರೇ ಆ ದಿನ ಶಾಲೆಯಲ್ಲಿ ಇರುತ್ತಿರಲಿಲ್ಲ. ಮಾತ್ರೆಯ ಲೆಕ್ಕ ಮಾತ್ರ ಸರಿಯಾಗಿತ್ತು. ಶಾಲೆಯವರೊಂದಿಗೆ ಮಾತಾಡಿ, ಸೋಮವಾರ ತಪ್ಪಿದವರಿಗೆ ಬುಧವಾರ ಕೊಡುವಂತೆ ಮಾಡಿದ್ದು ಎರಡು ನಿಮಿಷದ ಕೆಲಸ.

ಸಮಯ ಬದಲಿಸುವುದು ಅಷ್ಟು ಸುಲಭ ಆಗಲಿಲ್ಲ. ಸಾಮಾನ್ಯ ಸಭೆಯಲ್ಲಿ ವಿಷಯ ಇಟ್ಟಾಗ ಒಬ್ಬ ಹಿರಿಯ ಸದಸ್ಯರು, ‘ನಮ್ಮವ್ವಾರು ನಮ್ಮನ್ನ ಹೊಲದಾಗ ಬೆಳೆಸಿದ್ರು, ಏನಾಗೇತಿ?’ ಎಂದರು. ಅವರಿಗೆ ಮರ್ಯಾದೆ ಕೊಟ್ಟೇ ಹೇಳಿದೆ: ‘ಕಾಕಾ, ನಿಮ್ಮನ್ನ ಹೊಲದಾಗ ಹಿಡಕೊಂಡು ಕುಂತಿದ್ದು ನಿಮ್ಮ ಅಕ್ಕ. ಆಕಿ ಎಷ್ಟನೇತ್ತ ತನಕ ಓದ್ಯಾಳ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆಕಿ ಸಾಲಿನೇ ನೋಡಿಲ್ಲ’ ಅಂದರು. ಠರಾವಿಗೆ ಮೊದಲು ಕೈ ಎತ್ತಿದವರೂ ಅವರೇ. ಬೆಳಿಗ್ಗೆ ಏಳಕ್ಕೆ ಒಬ್ಬರು ಬಂದು ಮಧ್ಯಾಹ್ನ ಎರಡಕ್ಕೆ ಹೋಗುವುದು, ಹತ್ತಕ್ಕೆ ಇನ್ನೊಬ್ಬರು ಬಂದು ಸಂಜೆ ಐದಕ್ಕೆ ಬಾಗಿಲು ಹಾಕುವುದು ಎಂದು ಪಾಳಿ ಮಾಡಿದೆವು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೆಂಬಲಕ್ಕೆ ನಿಂತರು. ಅವರಿಲ್ಲದಿದ್ದರೆ ಠರಾವು ಕಾಗದದಲ್ಲೇ ಉಳಿಯುತ್ತಿತ್ತು. ನೀರಿನ ನಲ್ಲಿ, ಚಿಕ್ಕ ಮಕ್ಕಳಿಗೆ ತಗ್ಗಿನ ಶೌಚಾಲಯಕ್ಕೆ ದುಡ್ಡಿನ ಪ್ರಶ್ನೆ ಬಂದಾಗ ಅವರೇ ದಾರಿ ತೋರಿಸಿದರು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಬಳಸಬೇಕಿತ್ತು. ಕೂಸಿನ ಮನೆಯ ನಲ್ಲಿಯೂ ನೀರೇ, ಅದರ ಶೌಚಾಲಯವೂ ನೈರ್ಮಲ್ಯವೇ. ಕ್ರಿಯಾ ಯೋಜನೆಯಲ್ಲಿ ಸೇರಿಸಿದೆವು.

ನನಗೆ ಇಂದಿಗೂ ಸಮಾಧಾನ ಇಲ್ಲದ ಸಂಗತಿ ನೂರು ದಿನದ್ದು. ಆರೈಕೆದಾರರು ಜಾಬ್ ಕಾರ್ಡ್ ಇರುವ ಹೆಂಗಸರೇ, ಅವರ ಕೂಲಿಯೂ ಉದ್ಯೋಗ ಖಾತರಿಯದ್ದೇ. ಆಗ ಒಂದು ಮನೆಗೆ ವರ್ಷಕ್ಕೆ ನೂರು ದಿನದ ಕೆಲಸ, ಅದು ಮುಗಿದರೆ ಇನ್ನೊಬ್ಬರು ಬರಬೇಕಿತ್ತು. ಅದಕ್ಕೆಂದೇ ಎಂಟು ಹತ್ತು ಜನರಿಗೆ ತರಬೇತಿ ಕೊಟ್ಟಿದ್ದರು. ಹೆಚ್ಚು ಮನೆಗಳಿಗೆ ಕೂಲಿ ಸಿಗುತ್ತಿತ್ತು, ಅದು ಒಳ್ಳೆಯದೇ. ಆದರೆ ಹದಿನಾಲ್ಕು ತಿಂಗಳ ಕೂಸಿಗೆ ಲೆಕ್ಕ ತಿಳಿಯುವುದಿಲ್ಲ. ಮೊದಲ ಬದಲಾವಣೆಯ ದಿನ ನಾನು ಅಲ್ಲೇ ಇದ್ದೆ. ಒಂದು ಹೆಣ್ಣುಕೂಸು ಹೊಸಬಳನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತಿತು. ಅಳಲಿಲ್ಲ. ದಾರಿ ನೋಡುತ್ತಾ ನಿಂತೇ ಇತ್ತು, ಗಂಜಿ ಮುಟ್ಟಲಿಲ್ಲ, ಮಧ್ಯಾಹ್ನ ಅಲ್ಲೇ ಕುಸಿದು ಕುಳಿತು ನಿದ್ದೆ ಹೋಯಿತು. ಕೈ ಮಾತ್ರ ಚೌಕಟ್ಟಿನ ಮೇಲೇ ಇತ್ತು.

ನಿಯಮ ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಮಾಡಿದೆವು. ಹಳಬಳ ಕೊನೆಯ ಹದಿನೈದು ದಿನ ಹೊಸಬಳೂ ಜೊತೆಗಿರುವಂತೆ ಪಾಳಿ ಹೊಂದಿಸಿದೆವು. ಒಂದು ನೂರು ಪುಟದ ನೋಟ್‌ಬುಕ್ ಇಟ್ಟು ಒಂದೊಂದು ಕೂಸಿಗೆ ಒಂದೊಂದು ಪುಟ ಕೊಟ್ಟೆವು. ಅದರಲ್ಲಿ ತೂಕ, ಲಸಿಕೆ ಅಷ್ಟೇ ಅಲ್ಲ. ‘ಬೋರಲು ಮಲಗಿಸಿದರೆ ಬೇಗ ನಿದ್ದೆ’, ‘ಬೆಲ್ಲ ಹಾಕಿದ ಗಂಜಿ ಉಣ್ಣುತ್ತದೆ, ಉಪ್ಪಿನದು ಉಗುಳುತ್ತದೆ’, ‘ಕುಕ್ಕರ್ ಸೀಟಿಗೆ ಹೆದರುತ್ತದೆ’ ಎಂಬಂಥ ಸಾಲುಗಳು. ಆರೈಕೆದಾರರಲ್ಲಿ ಒಬ್ಬಳಿಗೆ ಬರೆಯಲು ಬರುತ್ತಿರಲಿಲ್ಲ, ಅವಳು ಹೇಳಿದ್ದನ್ನು ಇನ್ನೊಬ್ಬಳು ಬರೆದಳು. ನಾನು ನೋಡಿದ ಸರಕಾರಿ ದಾಖಲೆಗಳಲ್ಲಿ ಓದಬೇಕು ಅನ್ನಿಸಿದ್ದು ಅದೊಂದೇ.

ರಟ್ಟೆ ಅಳೆಯುವ ಪಟ್ಟಿಯ ವಿಷಯವನ್ನೂ ಹೇಳಬೇಕು. ಕೂಸಿನ ಎಡ ರಟ್ಟೆಗೆ ಸುತ್ತಿ ಎಳೆದಾಗ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಂಗನವಾಡಿ ಟೀಚರ್ ತಿಂಗಳಿಗೊಮ್ಮೆ ಕೂಸಿನ ಮನೆಗೆ ಬಂದು ಅಳೆಯಲಿ ಎಂದು ಕೇಳಿಕೊಂಡೆವು. ಎರಡನೇ ತಿಂಗಳೇ ಒಂದು ಕೂಸಿಗೆ ಕೆಂಪು ಬಂತು. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ 14 ದಿನ ತಾಯಿ ಜೊತೆಗಿರಬೇಕು. ಆಕೆ ಒಪ್ಪಲಿಲ್ಲ. ‘ಇನ್ನ ಎರಡು ಮಕ್ಕಳದಾವ್ರಿ, ಅವ್ರನ್ನ ಯಾರು ನೋಡ್ತಾರ?’ ಮತ್ತೆ ಅದೇ ಪ್ರಶ್ನೆ, ಬೇರೆ ಬಾಯಿಂದ. ಆಶಾ ಕಾರ್ಯಕರ್ತೆಯೂ ನಾನೂ ಎರಡು ಮಕ್ಕಳ ರಾತ್ರಿಯ ಊಟ, ನಿದ್ದೆ ಹಂಚಿಕೊಂಡೆವು. ಹಗಲು ಒಂದು ಕೂಸಿನ ಮನೆಯಲ್ಲಿ, ಒಂದು ಅಂಗನವಾಡಿಯಲ್ಲಿ. ಕೂಸು ತೂಕ ಹಾಕಿಕೊಂಡು ಮರಳಿ ಬಂತು.

ದೊಡ್ಡ ಮಕ್ಕಳ ಮನಸ್ಸಿನ ವಿಷಯದಲ್ಲಿ ನಾವು ಮಾಡಿದ್ದು ಕಡಿಮೆ. ಯುವ ಸಬಲೀಕರಣ ಇಲಾಖೆಯೂ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ನಡೆಸುವ, ಯುವಜನರ ಆಪ್ತಸಮಾಲೋಚನೆಯ ಯುವ ಸ್ಪಂದನ ಜಿಲ್ಲಾ ಕೇಂದ್ರದಲ್ಲಿದೆ. ಟೆಲಿ ಮನಸ್ ಸಹಾಯವಾಣಿ 14416 ಇದೆ. ನಂಬರನ್ನು ಪಂಚಾಯಿತಿ ಗೋಡೆ ಮೇಲೆ ದೊಡ್ಡದಾಗಿ ಬರೆಸಿದ್ದೆವು. ಹತ್ತನೇತ್ತ ಫೇಲಾಗಿ ಕಟ್ಟೆ ಮೇಲೆ ಕೂಡುತ್ತಿದ್ದ ಹುಡುಗನೊಬ್ಬನನ್ನು, ಯಾರಾದರೂ ಫೋನ್ ಹಚ್ಚಿದ್ದೀರೇನಪ್ಪಾ ಎಂದು ಕೇಳಿದೆ. ‘ಎಲ್ಲಿಂದ ಹಚ್ಚೋದ್ರಿ ಅಕ್ಕಾರ? ಮನ್ಯಾಗ ಒಂದ ಖೋಲಿ ಐತಿ. ಕಟ್ಟಿ ಮ್ಯಾಲ ಎಲ್ಲಾರೂ ಇರ್ತಾರ.’ ನಂಬರ್ ಕೊಟ್ಟವರು ಮಾತಾಡಲು ಜಾಗ ಕೊಟ್ಟಿರಲಿಲ್ಲ. ಅರಿವು ಕೇಂದ್ರದ, ಅಂದರೆ ಪಂಚಾಯಿತಿ ಗ್ರಂಥಾಲಯದ ಹಿಂದೆ ಹಳೆಯ ಕಡತ ತುಂಬಿದ ಸಣ್ಣ ಖೋಲಿ ಇತ್ತು. ಕಡತ ತೆಗೆಸಿ, ಒಂದು ಕುರ್ಚಿ ಹಾಕಿ, ಒಳಗಿನಿಂದ ಚಿಲಕ ಇರುವ ಬಾಗಿಲು ಮಾಡಿಸಿದೆವು. ಗ್ರಂಥಾಲಯ ಮೇಲ್ವಿಚಾರಕಿ ಸಂಜೆ ಏಳರವರೆಗೆ ತೆರೆದಿಡುತ್ತಾರೆ. ಯಾರು ಹೋದರು, ಯಾಕೆ ಹೋದರು ಎಂದು ಯಾವ ಪುಸ್ತಕದಲ್ಲೂ ಬರೆಯಬಾರದು ಎಂದೂ ಠರಾವು ಮಾಡಿದೆವು. ಎಲ್ಲದಕ್ಕೂ ಹಾಜರಿ ಕೇಳುವ ನಾವು ಇದೊಂದಕ್ಕೆ ಕೇಳಲಿಲ್ಲ.

2025ರ ಜೂನ್‌ನಲ್ಲಿ ಶಾಲೆ ತೆರೆದಾಗ ಮತ್ತೆ ಎರಡೂ ಪುಸ್ತಕ ತರಿಸಿಕೊಂಡೆ. ಆರು ಹುಡುಗಿಯರಲ್ಲಿ ನಾಲ್ವರು ದಿನಾ ಬರುತ್ತಿದ್ದರು. ಒಬ್ಬಳ ಮನೆಯವರು ಗುಳೆ ಹೋಗಿದ್ದರು. ಇನ್ನೊಬ್ಬಳ ಮದುವೆಗೆ ಮಾತುಕತೆ ನಡೆದಿದೆ ಎಂದು ಓಣಿಯವರು ಹೇಳಿದರು. ಅವಳಿಗೆ ಹದಿನೈದು. ಪಿಡಿಒ, ಅಂಗನವಾಡಿ ಮೇಲ್ವಿಚಾರಕಿ ಜೊತೆ ಮೂರು ಸಲ ಆ ಮನೆಗೆ ಹೋದೆವು. ಮೂರನೇ ಸಲ ತಂದೆ ಮುಚ್ಚಳಿಕೆ ಬರೆದುಕೊಟ್ಟರು. ಹುಡುಗಿ ಶಾಲೆಗೆ ಬಂದಳು, ಆದರೆ ಮೊದಲಿನ ಹಾಗೆ ನನ್ನನ್ನು ನೋಡಿ ನಗುವುದಿಲ್ಲ. ಅವಳ ಮನೆಯಲ್ಲಿ ಆಮೇಲೆ ಏನೇನು ಮಾತು ನಡೆದವೋ.

ಅವಧಿ ಮುಗಿಯುತ್ತಾ ಬಂದಾಗ ನನ್ನ ಕಡೆಯಿದ್ದ ಕಾಗದ ಪತ್ರ ಪಿಡಿಒ ಟೇಬಲ್ ಮೇಲಿಟ್ಟೆ. ಪೆನ್ಸಿಲ್‌ನಲ್ಲಿ ಬರೆದ ಆ ಚೀಟಿಯನ್ನು ಎರಡು ಪಟ್ಟಿಗಳ ನಡುವೆ ಪಿನ್ ಮಾಡಿದ್ದೆ. ಗುಳೆ ಹೋದ ಮನೆಯ ಹೆಸರಿನ ಮುಂದೆ, ‘ಯುಗಾದಿಗೆ ಬರುತ್ತಾರೆ, ಕೂಸಿಗೆ ಎರಡು ತುಂಬಿರುತ್ತದೆ, ಅಕ್ಕ 9ನೇತ್ತ, ಬಂದ ದಿನವೇ ಹೋಗಿ ಕರೆಯಬೇಕು’ ಎಂದು ಬರೆದಿಟ್ಟೆ.